ನೋಟು ಎಣಿಸುವಾಗ ಚುರುಕ್ಕೆನ್ನುವ ಕರುಳು ಫೋನು ಒತ್ತುವಾಗ ಏಕೆ ಸುಮ್ಮನಿರುತ್ತದೆ?

ತುಮಕೂರಿನ ಗೃಹಿಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮನೆಖರ್ಚಿನ ಲೆಕ್ಕ ಬರೆಯಲು ಕುಳಿತಾಗ ಕಂಡ ಒಂದು ಸಂಗತಿ ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಅತ್ತೆಯವರ ಕಾಲದಿಂದ ನಮ್ಮ ಮನೆಯಲ್ಲಿ ನಾಲ್ಕು ಡಬ್ಬಿಗಳಲ್ಲಿ ಹಣವಿಡುವ ರೂಢಿ ಇತ್ತು. ಸಾಸಿವೆ ಡಬ್ಬಿಯಲ್ಲಿ ಹಾಲು, ತರಕಾರಿಯ ಹಣ, ಮೆಂತ್ಯದ ಡಬ್ಬಿಯಲ್ಲಿ ಮಕ್ಕಳ ಶಾಲೆಯದು, ಹಿತ್ತಾಳೆ ಡಬ್ಬಿಯಲ್ಲಿ ಹಬ್ಬದ್ದು. ನಾಲ್ಕನೆಯದು ಎಲ್ಲಿತ್ತೆಂಬುದು ಅತ್ತೆಯವರಿಗೆ ಮಾತ್ರ ಗೊತ್ತಿತ್ತು. ತಿಂಗಳ ಇಪ್ಪತ್ತನೆಯ ತಾರೀಖಿಗೆ ಸಾಸಿವೆ ಡಬ್ಬಿಯ ತಳ ಕಂಡರೆ, ಹಬ್ಬದ ಡಬ್ಬಿ ತುಂಬಿದ್ದರೂ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಉಳಿದ ಹತ್ತು ದಿನಗಳು ಬಸ್ಸಾರು, ಹುರುಳಿಕಟ್ಟಿನಲ್ಲಿಯೇ ಕಳೆಯುತ್ತಿದ್ದವು.

ಈಗ ಐದು ವರ್ಷಗಳಿಂದ ಎಲ್ಲವೂ ಫೋನಿನಲ್ಲಿ. ಬ್ಯಾಂಕಿನ ವಿವರ ತೆಗೆದು ನೋಡಿದರೆ ಒಂದೇ ತಿಂಗಳಲ್ಲಿ 214 ಪಾವತಿಗಳಿದ್ದವು, ಅವುಗಳಲ್ಲಿ ಬಹುಪಾಲು 200 ರೂಪಾಯಿಗಿಂತ ಕಡಿಮೆಯವು. ಅರ್ಧಕ್ಕರ್ಧ ಯಾವುದಕ್ಕೆ ಕೊಟ್ಟೆನೆಂದು ನೆನಪಾಗಲೇ ಇಲ್ಲ. ನಾನು ಕೈ ಬಿಟ್ಟು ಖರ್ಚು ಮಾಡುವವಳಲ್ಲ. ಐನೂರರ ನೋಟು ಮುರಿಸಬೇಕಾದರೆ ಇವತ್ತಿಗೂ ನನ್ನ ಕರುಳು ಚುರುಕ್ಕೆನ್ನುತ್ತದೆ. ಅದೇ ಐನೂರು ರೂಪಾಯಿ ಫೋನಿನಿಂದ ಹೋದಾಗ ಏನೂ ಅನ್ನಿಸುವುದಿಲ್ಲ. ಹಣ ಒಂದೇ, ಕೊಡುವವಳೂ ನಾನೇ. ವ್ಯತ್ಯಾಸ ಎಲ್ಲಿಂದ ಬಂತು?

ಮನೋವಿಜ್ಞಾನದ ಮೇಷ್ಟ್ರು, ಧಾರವಾಡ

ಅಕ್ಕಾ, ನೀವು ಕರುಳು ಚುರುಕ್ಕೆನ್ನುತ್ತದೆ ಎಂದು ಬರೆದಿರುವುದಕ್ಕೆ ಮನೋವಿಜ್ಞಾನದಲ್ಲಿ ಒಂದು ಹೆಸರಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓಫರ್ ಜೆಲ್ಲರ್‌ಮೇಯರ್ ಎಂಬವರು 1996ರಲ್ಲಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದನ್ನು ಪಾವತಿಯ ನೋವು ಎಂದು ಕರೆದರು. 1998ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ ಅದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ವಸ್ತುವಿನಿಂದ ಸಿಗುವ ಸುಖ ಮತ್ತು ಹಣ ಕಳೆದುಕೊಳ್ಳುವ ಸಂಕಟ, ಇವೆರಡೂ ಮನಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಜಗಳವಾಡುತ್ತವೆ. ಪಾವತಿಯ ರೀತಿ ಬದಲಾದರೆ ಸಂಕಟದ ದನಿ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದು ಅವರ ವಾದದ ತಿರುಳು.

ಇದು ಬರಿಯ ಮಾತಿನ ಅಲಂಕಾರವಲ್ಲ. ಸ್ಟ್ಯಾನ್‌ಫೋರ್ಡ್‌ನ ಬ್ರಯಾನ್ ಕ್ನಟ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 26 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮೊದಲು ವಸ್ತುವಿನ ಚಿತ್ರವನ್ನೂ ನಂತರ ಅದರ ಬೆಲೆಯನ್ನೂ ತೋರಿಸಿದರು. ಇಷ್ಟವಾದ ವಸ್ತು ಕಂಡಾಗ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಚುರುಕಾಯಿತು. ಬೆಲೆ ಅತಿಯಾಯಿತು ಎನ್ನಿಸಿದಾಗ ಇನ್ಸುಲಾ ಎಂಬ ಭಾಗ ಚುರುಕಾಯಿತು. ದೇಹದೊಳಗಿನ ನೋವು, ಹೇಸಿಗೆ, ಹೊಟ್ಟೆಯ ತಳಮಳ ಇಂಥವುಗಳ ಅರಿವಿನಲ್ಲಿ ಪಾತ್ರ ವಹಿಸುವ ಭಾಗವದು. ನಮ್ಮ ಹಿರಿಯರು ಈ ಸಂಕಟವನ್ನು ಕರುಳಿನಲ್ಲಿಯೇ ಗುರುತಿಸಿದ್ದರಲ್ಲ ಎಂದು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಟಿಕೆಟ್‌ಗಳೆಲ್ಲ ಮಾರಾಟವಾಗಿ ಹೋಗಿದ್ದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟು, ಕೆಲವರಿಗೆ ನಗದಿನಲ್ಲಿ, ಕೆಲವರಿಗೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಡಬೇಕೆಂದು ತಿಳಿಸಿದರು. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಸುಮಾರು ಎರಡರಷ್ಟಿತ್ತು. ಟಿಕೆಟ್ ಅದೇ, ಪಂದ್ಯವೂ ಅದೇ.

ಇನ್ನು ನಿಮ್ಮ ಅತ್ತೆಯವರ ಡಬ್ಬಿಗಳ ವಿಷಯ. ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆತಾಗ ಮುಖ್ಯವಾಗಿ ಎತ್ತಿ ಹೇಳಿದ ವಿಚಾರಗಳಲ್ಲಿ ಒಂದು ಮನೋಲೆಕ್ಕ. ಮನುಷ್ಯರು ಎಲ್ಲ ಹಣವನ್ನೂ ಒಂದೇ ಎಂದು ಕಾಣದೆ ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗಳನ್ನು ತೆರೆದು, ಒಂದರ ಹಣವನ್ನು ಇನ್ನೊಂದಕ್ಕೆ ಬಳಸಲು ಹಿಂಜರಿಯುತ್ತಾರೆ ಎಂಬುದು ಅದರ ಸಾರ. ನಿಮ್ಮ ಅತ್ತೆಯವರು ಆ ಖಾತೆಗಳಿಗೆ ಮುಚ್ಚಳವನ್ನೂ ಹಾಕಿಟ್ಟಿದ್ದರು. ಫೋನು ನಾಲ್ಕೂ ಡಬ್ಬಿಗಳನ್ನು ಒಂದೇ ಹಂಡೆಗೆ ಸುರಿದುಬಿಟ್ಟಿತು.

ಚಿಕ್ಕಪೇಟೆಯ ಹಳಬ

ನಾನು ಇಪ್ಪತ್ತೆಂಟು ವರ್ಷ ಬೆಂಗಳೂರಿನ ಚಿಕ್ಕಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಸೀರೆ ತೋರಿಸಿದವನು, ಈಗ ನಿವೃತ್ತ. ಮೇಷ್ಟ್ರು ಹೇಳಿದ್ದನ್ನು ಓದಿದಾಗ ನಮ್ಮ ಅಂಗಡಿಯ ಗಲ್ಲಾ ಕಣ್ಣ ಮುಂದೆ ಬಂತು.

ಮದುವೆ ಜವಳಿಗೆ ಬರುವವರಲ್ಲಿ ಹುಡುಗಿಯ ತಂದೆ ಸಾಮಾನ್ಯವಾಗಿ ಸೀರೆ ನೋಡುತ್ತಿರಲಿಲ್ಲ. ಗೋಡೆಗೊರಗಿ ಕುಳಿತಿದ್ದು, ಕೊನೆಯಲ್ಲಿ ಗಲ್ಲಾದ ಮುಂದೆ ಬಂದು ನಿಲ್ಲುತ್ತಿದ್ದರು. ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿನ ಒಳಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ತೆಗೆದು, ಬೆರಳು ಒದ್ದೆ ಮಾಡಿಕೊಂಡು ಎಣಿಸಲು ತೊಡಗುತ್ತಿದ್ದರು. ಮೊದಲ ನೋಟುಗಳು ಸರಸರನೆ ಬೀಳುತ್ತಿದ್ದವು. ಕಟ್ಟು ತೆಳ್ಳಗಾದಂತೆ ಬೆರಳು ನಿಧಾನವಾಗುತ್ತಿತ್ತು. ಕೊನೆಯ ನಾಲ್ಕೈದು ನೋಟುಗಳಿಗೆ ಬಂದಾಗ ಒಮ್ಮೆ ನಿಂತು, ಪಕ್ಕಕ್ಕಿಟ್ಟಿದ್ದ ಸೀರೆಗಳ ಕಡೆಗೆ ನೋಡಿ, "ಆ ಒಂದನ್ನು ಬಿಟ್ಟರೆ ಹೇಗೆ?" ಎಂದು ಹೆಂಡತಿಯನ್ನು ಕೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಕಟ್ಟಿದ ಪೊಟ್ಟಣ ಬಿಚ್ಚಿ ಒಂದು ಸೀರೆ ಹಿಂದಕ್ಕಿಡುವುದು ಅಂದು ದಿನನಿತ್ಯದ ಕೆಲಸವಾಗಿತ್ತು. ಕಾರ್ಡಿನ ಯಂತ್ರ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಫೋನು ಬಂದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಯಿತು.

ಗಾದಿಯ ಮೇಲೆ ನಡೆಯುವುದನ್ನೂ ಹೇಳಬೇಕು. ಗಿರಾಕಿ ಹತ್ತು ಸಾವಿರದೊಳಗೆ ಎಂದರೆ ನಮ್ಮ ಯಜಮಾನರು ಮೊದಲು ಹದಿನೆಂಟು ಸಾವಿರದ ಸೀರೆಯನ್ನೇ ಬಿಡಿಸಲು ಹೇಳುತ್ತಿದ್ದರು. ಅದನ್ನು ಕಂಡ ಕಣ್ಣಿಗೆ ಹನ್ನೊಂದೂವರೆ ಸಾವಿರದ್ದು ಹಗುರವಾಗಿ ಕಾಣುತ್ತಿತ್ತು. ನಂತರ ಕನ್ನಡಿಯ ಮುಂದೆ ನಿಲ್ಲಿಸಿ, ಅಂಚು ಸೊಂಟಕ್ಕೆ ಸುತ್ತಿ, ನಾಲ್ಕು ನೆರಿಗೆ ಹಿಡಿದು, ಸೆರಗನ್ನು ಹೆಗಲ ಮೇಲೆ ಹಾಕುತ್ತಿದ್ದೆವು. ತಗೊಳ್ಳಿ ಎಂಬ ಮಾತನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೆರಗು ಹೆಗಲೇರಿದ ಸೀರೆಯನ್ನು ಮಡಚಿ ಹಿಂದಕ್ಕಿಡಲು ಹೋದರೆ, ಅವರ ಕೈ ತಾನಾಗಿಯೇ ಅದನ್ನು ಹಿಡಿದುಕೊಳ್ಳುತ್ತಿತ್ತು. ಬಿಲ್ ಆದ ಮೇಲೆ ಫಾಲ್, ಕುಚ್ಚು, ರವಿಕೆ ಬಟ್ಟೆ ಎಂದು ಏಳೆಂಟು ನೂರು ಸೇರಿಸಿದರೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಅದೇ ತಾಯಂದಿರು ಹೊರಗೆ ಹೋಗಿ ಹತ್ತು ರೂಪಾಯಿಯ ಹೂವಿಗೆ ಐದು ನಿಮಿಷ ಚೌಕಾಸಿ ಮಾಡುತ್ತಿದ್ದರು. ಇದೆಲ್ಲ ಏಕೆ ಹೀಗೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಹೀಗಾಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ಮನೋವಿಜ್ಞಾನದ ಮೇಷ್ಟ್ರು, ಧಾರವಾಡ

ಚಿಕ್ಕಪೇಟೆಯ ಹಿರಿಯರಿಗೆ ನಮಸ್ಕಾರ. ನೀವು ಗಾದಿಯ ಮೇಲೆ ಕಂಡಿದ್ದನ್ನು ಸಂಶೋಧಕರು ಪ್ರಯೋಗಶಾಲೆಯಲ್ಲಿ ಬಿಡಿಬಿಡಿಯಾಗಿ ಕಂಡುಕೊಂಡರು. ಮೊದಲು ಕಿವಿಗೆ ಬಿದ್ದ ಅಂಕಿಯೇ ಮುಂದಿನ ಅಂಕಿಗಳ ಅಳತೆಗೋಲಾಗುತ್ತದೆ ಎಂಬುದನ್ನು ಆಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ತೋರಿಸಿದರು. ವಸ್ತುವನ್ನು ಕೇವಲ ಮುಟ್ಟಿದರೂ ಅದು ನನ್ನದೆಂಬ ಭಾವ ಮೂಡುತ್ತದೆ ಎಂಬುದನ್ನು ಜೋನ್ ಪೆಕ್ ಮತ್ತು ಸುಜಾನ್ ಶೂ 2009ರಲ್ಲಿ ತೋರಿಸಿದರು. ಹೆಗಲೇರಿದ ಸೆರಗು ಇದಕ್ಕಿಂತ ಬಹಳ ಮುಂದಿನ ಮಾತು.

ಕುಚ್ಚು ಮತ್ತು ಹೂವಿನ ಕಥೆಗೂ ಒಂದು ಹಳೆಯ ಪ್ರಯೋಗವಿದೆ. ಟ್ವೆರ್‌ಸ್ಕಿ ಮತ್ತು ಕಾನೆಮನ್ 1981ರಲ್ಲಿ, ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ ಕ್ಯಾಲ್ಕುಲೇಟರ್ 5 ಡಾಲರ್ ಅಗ್ಗಕ್ಕೆ ಸಿಗುತ್ತದೆ, ಹೋಗುತ್ತೀರಾ ಎಂದು ಕೇಳಿದರು. ಬೆಲೆ 15 ಡಾಲರ್ ಆಗಿದ್ದಾಗ 68 ಶೇಕಡಾ ಜನ ಹೋಗುತ್ತೇವೆ ಎಂದರು, 125 ಡಾಲರ್ ಆಗಿದ್ದಾಗ ಹಾಗೆಂದವರು 29 ಶೇಕಡಾ ಮಾತ್ರ. ಉಳಿಯುವ ಹಣ ಎರಡೂ ಕಡೆ ಐದೇ ಡಾಲರ್. ಹನ್ನೊಂದೂವರೆ ಸಾವಿರದ ನೆರಳಿನಲ್ಲಿ ಏಳುನೂರು ಕಾಣುವುದಿಲ್ಲ, ಹೂವಿನ ಹತ್ತು ರೂಪಾಯಿಗೆ ಅಂಥ ನೆರಳೇ ಇರುವುದಿಲ್ಲ.

ತಿಪಟೂರಿನ ಕಿರಾಣಿ ಅಂಗಡಿಯವನು

ಫೋನು ಬರುವುದಕ್ಕೆ ಮೊದಲೂ ನಮ್ಮಲ್ಲಿ ನೋವಿಲ್ಲದ ಪಾವತಿ ಇತ್ತು, ಅದರ ಹೆಸರು ಉದ್ರಿ ಪುಸ್ತಕ. ನಮ್ಮ ತಂದೆಯವರ ಕಾಲದ ಉದ್ದನೆಯ ಕೆಂಪು ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ನಗದು ಕೊಟ್ಟು ಒಯ್ಯುವವರು ಕಾಲು ಕೆಜಿ ಬೇಳೆ ಎಂದರೆ, ಬರೆಸುವವರು ಅರ್ಧ ಕೆಜಿ ಎನ್ನುತ್ತಿದ್ದರು. ಆದರೆ ಉದ್ರಿಗೂ ಫೋನಿಗೂ ಒಂದು ವ್ಯತ್ಯಾಸವಿದೆ. ಉದ್ರಿಯಲ್ಲಿ ನೋವು ತಪ್ಪುತ್ತಿರಲಿಲ್ಲ, ಮುಂದಕ್ಕೆ ಹೋಗುತ್ತಿತ್ತು ಅಷ್ಟೆ. ಕೊಬ್ಬರಿ ಮಾರಿದ ದಿನ ಬಂದು ಕುಳಿತವರಿಗೆ ನಮ್ಮ ತಂದೆ ಪುಟದ ಒಟ್ಟು ಓದಿ ಹೇಳಿದಾಗ ಅವರು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮುಂದಿನ ತಿಂಗಳು ಅವರ ಮನೆಯ ಚೀಟಿ ತಾನಾಗಿ ಚಿಕ್ಕದಾಗುತ್ತಿತ್ತು.

ಈಗ ನನ್ನ ಗಲ್ಲಾದ ಪಕ್ಕದಲ್ಲಿ ಹಣ ಬಂದ ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆಯಿದೆ. ಅದು ಹೇಳುವುದು ನನಗೆ, ಗಿರಾಕಿಗಲ್ಲ. ಅದು ಬಾಯಿ ತೆರೆಯುವಷ್ಟರಲ್ಲಿ ಅವರು ಗಾಡಿ ಹತ್ತಿರುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯ ಒಬ್ಬ ಅಜ್ಜಿ ಮಾತ್ರ ಪೆಟ್ಟಿಗೆ ಮೊತ್ತ ಹೇಳುವವರೆಗೆ ನಿಂತು ಕೇಳಿ, ಅದನ್ನೇ ಒಮ್ಮೆ ತಮ್ಮ ಬಾಯಲ್ಲಿ ಹೇಳಿಕೊಂಡು ಹೊರಡುತ್ತಾರೆ. ಅವರು ಬೇಡದ್ದನ್ನು ಕೊಂಡಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಎಲ್ಲರ ಅನುಭವಗಳನ್ನೂ ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಯುಪಿಐ ಆರಂಭವಾಗಿದ್ದು 2016ರಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಇಷ್ಟು ಜನ ಬಳಸುತ್ತಿರುವುದು ಮೋಸ ಹೋಗಿ ಅಲ್ಲ. ಚಿಲ್ಲರೆಯ ಬದಲು ಚಾಕೊಲೇಟು ಕೊಡುವ ಕಾಟ ತಪ್ಪಿದೆ, ತಳ್ಳುಗಾಡಿಯವರಿಗೆ ಖೋಟಾ ನೋಟಿನ ಭಯ ಇಲ್ಲವಾಗಿದೆ. ಅಕ್ಕನವರು 214 ಪಾವತಿಗಳನ್ನು ಎಣಿಸಲು ಸಾಧ್ಯವಾಗಿದ್ದೇ ಫೋನಿನಿಂದ. ಡಬ್ಬಿಯಿಂದ ಹೋದ ಹಣಕ್ಕೆ ಯಾವ ವಿವರ ಇರುತ್ತಿತ್ತು?

ಇನ್ನೊಂದು ಮಾತು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ ಅಡುಗೆಮನೆಯ ಡಬ್ಬಿಗಳಲ್ಲಿ ಹಣವಿಟ್ಟಿದ್ದ ಹೆಂಗಸರೇ ಹೆಚ್ಚು ಕಂಗಾಲಾದರು. ಹಳೆಯದೆಲ್ಲ ಬಂಗಾರವೆಂದು ತಿಳಿಯಬಾರದು.

ತುಮಕೂರಿನ ಗೃಹಿಣಿ

ನೀವು ಹೇಳಿದ್ದು ನಿಜ. ಆ ವಾರ ನಮ್ಮ ಮನೆಯ ನಾಲ್ಕನೆಯ ಡಬ್ಬಿ ಹೊರಗೆ ಬಂತು. ದೇವರ ಮನೆಯ ಅಕ್ಕಿಯ ಗಡಿಗೆಯಲ್ಲಿ ಅದುಮಿಟ್ಟಿದ್ದ ಹದಿನಾಲ್ಕೂವರೆ ಸಾವಿರ ರೂಪಾಯಿಯನ್ನು ಅತ್ತೆಯವರು ಮಗನ ಕೈಗಿಟ್ಟು ಒಂದು ಮಾತೂ ಆಡದೆ ಒಳಗೆ ಹೋದರು. ಹಣ ಬ್ಯಾಂಕಿಗೆ ಸೇರಿತು, ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ಆದರೂ ಆಮೇಲೆ ಅತ್ತೆಯವರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಖಾತೆಯಲ್ಲಿರುವುದು ಎಲ್ಲರ ಹಣ, ಗಡಿಗೆಯಲ್ಲಿದ್ದದ್ದು ನನ್ನದು ಎಂದು ಒಮ್ಮೆ ಹೇಳಿದ್ದರು. ಮೇಷ್ಟ್ರು ಹೇಳಿದ ಮನೋಲೆಕ್ಕವೆಂದರೆ ಇದೇ ಇರಬೇಕು.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಚರ್ಚೆ ಫೋನಿಗಷ್ಟೇ ನಿಲ್ಲಬಾರದು. ನೋವನ್ನು ಹಂಚಿ ಕಾಣದಂತೆ ಮಾಡುವ ದೊಡ್ಡ ಸಾಧನ ಕಂತು. "ಬಡ್ಡಿಯಿಲ್ಲದ ಕಂತು" ಎಂಬ ಫಲಕದ ಕೆಳಗೆ ಫ್ರಿಜ್ಜು ಕೊಳ್ಳುವವರು, ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲೇ ಇಲ್ಲವೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದ್ದನ್ನು ನೆನಪಿಡಬೇಕು. ನಗದು ಕೊಡುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿದ್ದರೆ, ಬಡ್ಡಿ ಬೆಲೆಯೊಳಗೇ ಕುಳಿತಿದೆ ಎಂದರ್ಥ.

ಎಲ್ಲ ನಿಯಮಗಳೂ ನೋವನ್ನು ಮರೆಸುವ ಕಡೆಗೇ ಇವೆ ಎಂದಲ್ಲ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಚಂದಾಹಣಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಜಾರಿಯಾಯಿತು. ಆ ಸಂದೇಶವೇ ಒಂದು ಸಣ್ಣ ಚುರುಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟದ 13 ಬಗೆಯ ಮರೆಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಶುಲ್ಕಗಳನ್ನು ಕೊನೆಯ ಕ್ಷಣದವರೆಗೆ ಮುಚ್ಚಿಡುವುದು ಅದರಲ್ಲಿವೆ. ಇಂಥದ್ದು ಕಂಡರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ನಮ್ಮಲ್ಲಿ ಹೆಚ್ಚಿನವರು ಕೊಡುವುದಿಲ್ಲ ಎಂಬುದೇ ನನ್ನ ಬೇಸರ.

ಮಂಡ್ಯದ ಮಗ

ಇಲ್ಲಿ ಬರೆದವರೆಲ್ಲ ನೋವು ಕಡಿಮೆಯಾದುದರ ಬಗ್ಗೆ ಹೇಳಿದ್ದೀರಿ. ನನ್ನ ಮನೆಯ ಕಷ್ಟ ತಿರುಗುಮುರುಗು.

ನಮ್ಮ ತಂದೆಗೆ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷಗಳಿಂದ ಕಿವಿ ಮಂದವಾಗಿದೆ. ಹಣಕ್ಕೆ ಕೊರತೆಯಿಲ್ಲ, ಪಿಂಚಣಿ ಬರುತ್ತದೆ, ಬ್ಯಾಂಕಿನಲ್ಲಿ ಠೇವಣಿ ಇದೆ. ಕಿವಿಯ ಯಂತ್ರಕ್ಕೆಂದು ಎರಡು ಸಲ ಕರೆದೊಯ್ದೆ. ಎರಡು ಸಲವೂ ಪರೀಕ್ಷೆ ಮುಗಿಸಿ, ಯಂತ್ರ ಕಿವಿಗೆ ಹಾಕಿ, ಮೊಮ್ಮಗಳ ಮಾತು ಸ್ಪಷ್ಟವಾಗಿ ಕೇಳಿ ಮುಖ ಅರಳಿತು. ಬೆಲೆ ಕೇಳಿದೊಡನೆ ಅದನ್ನು ತಾವೇ ತೆಗೆದು ಮೇಜಿನ ಮೇಲಿಟ್ಟು, "ಇನ್ನೆಷ್ಟು ದಿನ ಇರ್ತೀನಿ, ಬೇಡ ನಡಿ" ಎಂದರು. ಅದೇ ತಂದೆ ನನ್ನ ತಂಗಿಯ ಮದುವೆಗೆ ಹಿಂದೆಮುಂದೆ ನೋಡದೆ ಖರ್ಚು ಮಾಡಿದವರು. ಈಗ ಮನೆಯಲ್ಲಿ ಎಲ್ಲರೂ ಮಾತನಾಡುತ್ತಿದ್ದರೆ ಅವರು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಈ ನೋವನ್ನು ಕಡಿಮೆ ಮಾಡುವ ದಾರಿ ಇದ್ದರೆ ತಿಳಿಸಿ.

ಮನೋವಿಜ್ಞಾನದ ಮೇಷ್ಟ್ರು, ಧಾರವಾಡ

ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಿಮ್ಮ ತಂದೆಯವರನ್ನು ಜಿಪುಣರೆಂದು ಕರೆಯುವುದು ತಪ್ಪಾಗುತ್ತದೆ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್ ಮತ್ತು ಲೋವೆನ್‌ಸ್ಟೀನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13,000ಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿ, ಪಾವತಿಯ ನೋವು ಅತಿಯಾಗಿ ಕಾಡುವವರ ಸಂಖ್ಯೆ ಆ ನೋವು ತೀರಾ ಕಡಿಮೆಯಿರುವ ದುಂದುಗಾರರಿಗಿಂತ ಹೆಚ್ಚೆಂದು ಕಂಡುಕೊಂಡರು. ಇಂಥವರು ತಮಗೇ ಬೇಕೆನ್ನಿಸಿದ್ದನ್ನೂ ಕೊಳ್ಳಲಾರದೆ ಹೋಗುತ್ತಾರೆ. ಇವು ವಿದೇಶದ ಉತ್ತರಗಳು, ಮಂಡ್ಯದ ಮನೆಗೆ ಹಾಗೆಹಾಗೆಯೇ ಒಪ್ಪುತ್ತವೆಂದು ನಾನು ಹೇಳಲಾರೆ. ಆದರೂ ನೀವು ಬರೆದ ಚಿತ್ರ ಅದಕ್ಕೆ ತೀರಾ ಹತ್ತಿರವಿದೆ.

ದಾರಿಯೂ ಅದೇ ಸಿದ್ಧಾಂತದಲ್ಲಿದೆ. ಪ್ರೆಲೆಕ್ ಮತ್ತು ಲೋವೆನ್‌ಸ್ಟೀನ್ ಅವರು ಪ್ರವಾಸಕ್ಕೆ ಮತ್ತು ಬಟ್ಟೆ ಒಗೆಯುವ ಯಂತ್ರಕ್ಕೆ ಹಣವನ್ನು ಮೊದಲೇ ಕೊಡುತ್ತೀರೋ ಆಮೇಲೆ ಕೊಡುತ್ತೀರೋ ಎಂದು ಕೇಳಿದಾಗ, ಪ್ರವಾಸಕ್ಕೆ ಮೊದಲೇ ಎಂದವರು ಹೆಚ್ಚು, ಯಂತ್ರಕ್ಕೆ ಆಮೇಲೆ ಎಂದವರು ಹೆಚ್ಚು. ಅನುಭವಿಸುವ ಹೊತ್ತಿಗೆ ಸಾಲದ ನೆನಪು ಬರಬಾರದು ಎಂಬ ಬಯಕೆ ಅದು. ನಮ್ಮ ಹೆಂಗಸರು ಕಾಶಿಯಾತ್ರೆಗೆ ಚೀಟಿ ಹಾಕಿ ಮೊದಲೇ ಕೂಡಿಸುವುದೂ, ಒಡವೆ ಅಂಗಡಿಯ ಹನ್ನೊಂದು ಕಂತುಗಳ ಯೋಜನೆ ಸೇರುವುದೂ ಇದರಿಂದಲೇ. ಒಡವೆ ಮನೆಗೆ ಬರುವ ದಿನ ನೋವು ಮುಗಿದಿರುತ್ತದೆ. ನಿಮ್ಮ ತಂದೆಯವರ ವಿಷಯದಲ್ಲಿ ಬೆಲೆಯೂ ಯಂತ್ರವೂ ಒಂದೇ ಗಳಿಗೆಯಲ್ಲಿ ಎದುರಾಗುತ್ತಿವೆ. ಅವೆರಡನ್ನೂ ಬೇರ್ಪಡಿಸಿ ನೋಡಿ. ಆದರೆ ಅವರ ಹಣವನ್ನು ಅವರಿಗೆ ತಿಳಿಯದಂತೆ ತೆಗೆಯಬೇಡಿ.

ಚಿಕ್ಕಪೇಟೆಯ ಹಳಬ

ತಮ್ಮಾ, ಒಂದು ಅನುಭವದ ಮಾತು ಹೇಳುತ್ತೇನೆ. ತನಗೆಂದು ಸೀರೆ ಬೇಡವೆನ್ನುತ್ತಿದ್ದ ತಾಯಂದಿರು, ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸುತ್ತಿದ್ದಾಳೆ ಎಂದರೆ ಬೆಲೆ ಕೇಳುತ್ತಲೇ ಇರಲಿಲ್ಲ. ಬೇಡವೆನ್ನುವ ಮನಸ್ಸು ಉಡುಗೊರೆಗೆ ಮಣಿಯುತ್ತದೆ.

ತುಮಕೂರಿನ ಗೃಹಿಣಿ

ಎಲ್ಲರಿಗೂ ಕೃತಜ್ಞತೆಗಳು. ನಾನು ಈ ತಿಂಗಳಿಂದ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಹಾಲು, ತರಕಾರಿ, ಕಿರಾಣಿಯ ಹಣವನ್ನು ಮಾತ್ರ ಅದಕ್ಕೆ ಹಾಕಿ, ಫೋನಿಗೆ ಅದೊಂದನ್ನೇ ಜೋಡಿಸಿದ್ದೇನೆ. ಪಿನ್ ಇಲ್ಲದೆ ಸಣ್ಣ ಮೊತ್ತ ಹೋಗುವ ಸೌಲಭ್ಯವನ್ನು ತೆಗೆಸಿದ್ದೇನೆ. ಆರು ಅಂಕಿ ಒತ್ತುವಷ್ಟು ಹೊತ್ತು ಯೋಚನೆಗೆ ಸಿಗಲಿ ಎಂದು. ತಿಪಟೂರಿನವರು ಹೇಳಿದ ಅಜ್ಜಿಯಂತೆ ಮೊತ್ತವನ್ನು ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸವನ್ನೂ ಆರಂಭಿಸಿದ್ದೇನೆ. ಹದಿನೆಂಟನೆಯ ತಾರೀಖಿನ ಹೊತ್ತಿಗೆ ಸಾಸಿವೆ ಡಬ್ಬಿಯ ತಳ ಮತ್ತೆ ಕಂಡಿತು. ಅತ್ತೆಯವರ ಹೆಸರಿನಲ್ಲೂ ಬೇರೆ ಖಾತೆಯೊಂದನ್ನು ತೆರೆಸಿದ್ದೇವೆ, ಅದರ ಪುಸ್ತಕ ಅವರ ಹತ್ತಿರವೇ ಇದೆ. ಎಲ್ಲಿಟ್ಟಿದ್ದಾರೆಂದು ನಾನು ಕೇಳಿಲ್ಲ.

ಮಂಡ್ಯದ ಮಗ

ಮೇಷ್ಟ್ರಿಗೂ ಚಿಕ್ಕಪೇಟೆಯ ಹಿರಿಯರಿಗೂ ವಂದನೆಗಳು. ನಿನ್ನೆ ನಾನೂ ತಂಗಿಯೂ ಸೇರಿ ನಮ್ಮ ಹಣದಿಂದಲೇ ಪೂರ್ತಿ ಮೊತ್ತ ಕಟ್ಟಿ ಬಂದೆವು. ಹಣ ಕಟ್ಟಿಯಾಗಿದೆ, ನಮ್ಮಿಬ್ಬರ ಉಡುಗೊರೆ ಎಂದು ತಂದೆಗೆ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಕೇಳಿಸಲಿಲ್ಲ. ಮೊಮ್ಮಗಳು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಬಹಳ ಹೊತ್ತು ಓದಿ, "ಎಷ್ಟಾಯ್ತು?" ಎಂದು ಕೇಳಿದರು. ಅವಳು ಸ್ಲೇಟನ್ನು ಒರೆಸಿ, "ಸೋಮವಾರ ಹತ್ತು ಗಂಟೆಗೆ ಹೋಗಬೇಕು" ಎಂದು ಬರೆದಳು.